ಅರವತ್ತೆರಡು ಕಿಲೋ

ಬಡ್ತಿಯ ಪಟ್ಟಿಯಲ್ಲಿ ಮೂರನೆಯ ಸಲವೂ ಬ್ರಿಗೇಡಿಯರ್ ಸಾಹೇಬರ ಹೆಸರಿರಲಿಲ್ಲ. ಮೂವತ್ತನಾಲ್ಕು ವರ್ಷ ಇಡೀ ಸೇನೆಗೆ ಉಣಿಸಿ, ಉಡಿಸಿ, ಹೊದಿಸಿದ ಮನುಷ್ಯ. ಆಯ್ಕೆ ಮಂಡಳಿಯಲ್ಲಿ ಯಾರೋ, "ಪಾಪ, ಯುದ್ಧ ಎಲ್ಲಿ ಮಾಡಿದಾನೆ? ಒಳ್ಳೆ ಅಂಗಡಿಯವನು" ಅಂದು ನಕ್ಕರಂತೆ. ಆ ಮಾತು ಸಾಹೇಬರ ಹೊಟ್ಟೆಗೆ ಕಿಚ್ಚು ಹಚ್ಚಿತು. ಹಾಗಾದರೆ ವ್ಯಾಪಾರವನ್ನೇ ಮಾಡಿ ತೋರಿಸುತ್ತೇನೆ ಎಂದುಕೊಂಡರು. ನಿವೃತ್ತಿಗೆ ಐದು ತಿಂಗಳಿತ್ತು.

ಅವರ ಸುಪರ್ದಿನ ಏಳನೇ ಉಗ್ರಾಣದಲ್ಲಿ ಯುದ್ಧಕ್ಕೆಂದೇ ಮೀಸಲಿಟ್ಟ ಉಣ್ಣೆಯ ಕಂಬಳಿಗಳಿದ್ದವು. ಇನ್ನೂರು ಮರದ ಪೆಟ್ಟಿಗೆ, ಹನ್ನೆರಡು ವರ್ಷ ಹಳೆಯ ಮೊಹರು, ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ ಬರೆದ ತೂಕ: ಅರವತ್ತೆರಡು ಕಿಲೋ. ಯುದ್ಧವಾಗದೆ ಯಾರೂ ಮೊಹರು ಒಡೆಯುವಂತಿಲ್ಲ. ಅಧಿಕಾರಿ ಬದಲಾದಾಗ ಪೆಟ್ಟಿಗೆಗಳನ್ನು ತೂಗುತ್ತಾರೆ. ಕಡಿಮೆ ಬಂದರೆ ಮಾತ್ರ ವರದಿ. ಆ ನಿಯಮ ಬರೆದವರು ಸಾಹೇಬರೇ. ಅದರಲ್ಲಿ ಎಲ್ಲಿ ಕಿಂಡಿಯಿದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಹುಳು ಹಿಡಿಯದಂತೆ ಔಷಧಿ ಹೊಡೆಸಬೇಕೆಂದು ನಲವತ್ತು ಪೆಟ್ಟಿಗೆ ಹೊರಗೆ ಹೋದವು. ಲಾರಿ ಭಾವಮೈದುನನದು.

"ಭಾವ, ಅಂದಾಜಿಗೆ ತುಂಬಿದ್ರೆ ಸಾಲ್ದಾ?" ಅಂದ ಅವನು.

"ಅಂದಾಜು ನಿನ್ನ ಕಸುಬು, ನನ್ನದಲ್ಲ."

ಕಂಬಳಿ ತೆಗೆದು ಕಬ್ಬಿಣದ ಚೂರು ತುಂಬಿಸಿದರು. ಸದ್ದಾಗದಂತೆ ನಡುವೆ ಥರ್ಮೋಕೋಲ್ ಒತ್ತಿಸಿದರು. ಪೆಟ್ಟಿಗೆ ಸಮೇತ ಅರವತ್ತೆರಡಕ್ಕೆ ಮುಳ್ಳು ನಿಂತ ಮೇಲೆಯೇ ಮುಚ್ಚಳ. ಮೊಹರಿನ ಅಚ್ಚು ಇದ್ದದ್ದು ಸಾಹೇಬರ ತಿಜೋರಿಯಲ್ಲೇ. ಮೂರನೆಯ ದಿನ ನಲವತ್ತೂ ಸ್ವಸ್ಥಾನಕ್ಕೆ ಮರಳಿದವು.

ಆಮೇಲೆ ಶುರುವಾಯಿತು ಸಂಕಟ. ಕಂಬಳಿಗಳು ಎಲ್ಲೋ ಮಾರಾಟವಾಗಿದ್ದವು, ಹಿಂದಕ್ಕೆ ತರುವಂತಿಲ್ಲ. ರಜೆ ಹಾಕಿದರೆ ತಾವಿಲ್ಲದಾಗ ಯಾರಾದರೂ ಮುಟ್ಟಿಯಾರೆಂಬ ಭಯ. ಸಿಕ್ಕಿಬಿದ್ದರೆ ಹೆಗಲ ಮೇಲಿನ ಪದವಿ, ಪಿಂಚಣಿ ಎರಡೂ ಹೋಗಿ ಜೈಲು. ಐದು ತಿಂಗಳು ಸಾಹೇಬರು ಆ ಉಗ್ರಾಣಕ್ಕೆ ಕಾವಲುಗಾರನಿಗಿಂತ ಹೆಚ್ಚಾಗಿ ಕಾವಲು ಕೂತರು.

ಹಸ್ತಾಂತರದ ದಿನ ಬಂತು. ಅಧಿಕಾರ ವಹಿಸಿಕೊಳ್ಳುವ ಕರ್ನಲ್ ಒಂದು ಕಾಲಕ್ಕೆ ಅವರದೇ ಶಿಷ್ಯೆ. ತೂಕ ಮುಗಿಯುವವರೆಗೆ ಹಳೆಯ ಅಧಿಕಾರಿ ಬಾಗಿಲು ದಾಟುವಂತಿಲ್ಲ. ಅದೂ ಸಾಹೇಬರ ನಿಯಮವೇ. ಹೆಂಡತಿ ಫೋನ್ ಮಾಡಿ, "ಸಾಮಾನೆಲ್ಲ ಕಟ್ಟಾಯ್ತು, ಎಷ್ಟೊತ್ತಿಗೆ ಬರ್ತೀರಾ?" ಅಂದಳು. "ಇನ್ನೇನು, ಬಂದೇ ಬಿಟ್ಟೆ" ಅಂದರು.

ಮೊದಲ ಪೆಟ್ಟಿಗೆ ಏರಿತು. "ಅರವತ್ತಾರು" ಎಂದ ಉಗ್ರಾಣದ ಹಳೇ ಹವಾಲ್ದಾರ. ಮುಂದಿನದು ಅರವತ್ತೈದು, ಅದರ ಮುಂದಿನದು ಅರವತ್ತಾರೂವರೆ. ಇಷ್ಟು ವರ್ಷದಲ್ಲಿ ಕಂಬಳಿ ತುಂಬಿದ ಒಂದೇ ಒಂದು ಪೆಟ್ಟಿಗೆಯ ತೂಕವನ್ನೂ ಕಣ್ಣಾರೆ ನೋಡದೆ ಬರೀ ಕಾಗದ ನೋಡಿದ ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ಕರ್ನಲ್ ಹುಬ್ಬೇರಿಸಿದಳು. "ಉಣ್ಣೆ ಅಲ್ವಾ ಮೇಡಂ, ಗಾಳಿಲಿರೋ ತೇವ ಎಲ್ಲ ಕುಡಿಯುತ್ತೆ" ಎಂದ ಹವಾಲ್ದಾರ. "ಯಾವಾಗ ತೂಗಿದ್ರೂ ಮೂರ್ನಾಲ್ಕು ಕಿಲೋ ಜಾಸ್ತೀನೇ. ಜಾಸ್ತಿ ಬಂದ್ರೆ ಬರೀಬೇಕಾಗಿಲ್ಲ, ಅದಕ್ಕೇ ಯಾರೂ ಬರೆದಿಲ್ಲ." ಸರದಿ ಔಷಧಿ ಹೊಡೆಸಿದ ಸಾಲಿಗೆ ಬಂತು. ಅರವತ್ತೆರಡು. ಅರವತ್ತೆರಡು. ಅರವತ್ತೆರಡು. ಹವಾಲ್ದಾರನ ದನಿ ಕುಗ್ಗುತ್ತಾ ಹೋಗಿ ನಿಂತೇಬಿಟ್ಟಿತು. ಕರ್ನಲ್ ಪೆನ್ನಿನ ಮುಚ್ಚಳ ಹಾಕಿ, ತನ್ನ ಗುರುವಿನ ಕಡೆ ತಿರುಗಿ, ಮೆಲ್ಲಗೆ ಕೇಳಿದಳು: "ಸರ್, ಇವು ಮಾತ್ರ ಯಾಕೆ ಸರಿಯಾಗಿವೆ?"