ಬದಲಾಯಿಸದ ಎಲೆ

"ಟೀ ಬ್ಯಾಗ್ ಇದೆಯಾ?"

ಎಲೆ ಟೀಗೆ ಚೀನಾಕ್ಕೆಲ್ಲ ಹೆಸರಾದ ಊರಿನ ನಮ್ಮ ಟೀ ಅಂಗಡಿಗೆ ಬಂದು ಹೀಗೆ ಕೇಳಿದವನನ್ನು ಅಪ್ಪ ಎಚ್ಚರವಾಗಿದ್ದಿದ್ದರೆ ಪೊರಕೆ ಹಿಡಿದು ಓಡಿಸುತ್ತಿದ್ದರು. ಅವರಿಗೆ ಮಧ್ಯಾಹ್ನದ ನಿದ್ದೆ ಹತ್ತಿತ್ತು, ಅದು ಆ ಹುಡುಗನ, ಕೆಮಿಂಗನ, ಪುಣ್ಯ.

"ಚಾವೋಜೌನಲ್ಲಿ ಹುಟ್ಟಿದವನೇನಪ್ಪಾ ನೀನು?" ಎಂದೆ.

"ಹುಟ್ಟಿದ್ದು ಇಲ್ಲೇ ಮೇಡಂ. ಆದ್ರೆ ಎಲೆ ನೆನೆಸ್ಕೊಂಡು, ಬಟ್ಟಲು ತೊಳ್ಕೊಂಡು ಕೂರೋಕೆ ಪುರುಸೊತ್ತಿಲ್ಲ. ಫ್ಯಾಕ್ಟರೀಲಿ ಕಮೋಡ್ ಡಿಸೈನ್ ಮಾಡ್ತೀನಿ."

"ಅದಕ್ಕೇ ರುಚಿ ಹೀಗಿದೆ."

ಅವನು ಜೋರಾಗಿ ನಕ್ಕ. ನಗುತ್ತಲೇ ಹೊಟ್ಟೆ ಒತ್ತಿ ಹಿಡಿದುಕೊಂಡ. ವಿಚಾರಿಸಿದರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಶುರುವಾದರೆ ಸಂಜೆಯವರೆಗೂ ಅದೇ ದೊಡ್ಡ ಲೋಟ, ಅದರಲ್ಲಿ ನೇತಾಡುವ ಅದೇ ಚೀಲ. ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು.

"ಕೂತ್ಕೋ. ಕಣ್ಣಿಗೆ ಕಾಣೋದನ್ನ ಕುಡಿ. ಆ ಚೀಲದಲ್ಲಿರೋದು ಜರಡಿ ಕೆಳಗೆ ಬಿದ್ದ ಪುಡಿ. ಕೆಲವು ಚೀಲಗಳಂತೂ ಪ್ಲಾಸ್ಟಿಕ್ಕೇ. ಕುದಿಯೋ ನೀರಿಗೆ ಪ್ಲಾಸ್ಟಿಕ್ ಅದ್ದಿ ಕುಡೀತೀಯಲ್ಲ, ನಿನ್ನ ಹೊಟ್ಟೆ ಏನು ನಿಮ್ಮ ಫ್ಯಾಕ್ಟರಿ ಕಮೋಡಾ?"

ಕೆಂಪು ಮಣ್ಣಿನ ಪುಟ್ಟ ಹೂಜಿಯಲ್ಲಿ ಎಲೆ ಅರಳಿತು. ಅಂಗಡಿ ತುಂಬ ಹೂವಿನ ಘಮ. ಅವನು ಬಟ್ಟಲನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.

"ಇದಕ್ಕೇನಂತಾರೆ?"

"ಬಾತುಕೋಳಿ ಹಿಕ್ಕೆ."

ಆ ಎಲೆಗೆ ನಿಜವಾಗಿ ಇರುವ ಹೆಸರೇ ಅದು, ಆದರೆ ಅವನು ಕುಡಿದದ್ದು ನೆತ್ತಿಗೇರಿತು. ಅವನ ಬೆನ್ನು ತಟ್ಟಿದ್ದು ನಾನೇ. ಆಮೇಲೆ ಕೈ ಎಲ್ಲಿಡುವುದೆಂದು ತಿಳಿಯದೆ ಬಟ್ಟಲು ಒರೆಸಿದೆ.

ಅಂದಿನಿಂದ ದಿನವೂ ಬಂದ. ನಾನು ಹೇಳಿದ ಹಾಗೆ ಗಂಜಿ ಉಂಡೇ ಬರುತ್ತಿದ್ದ. ಹೊಟ್ಟೆಯುರಿ ಕಡಿಮೆಯಾಯಿತು, ನೋಟ ಜಾಸ್ತಿಯಾಯಿತು. ನಾನು ಟೀ ಬಗ್ಗಿಸುವಾಗ ನನ್ನ ಬೆರಳನ್ನೇ ನೋಡುತ್ತಿದ್ದ. ಒಮ್ಮೆ ಆ ನೋಟಕ್ಕೆ ತಡವರಿಸಿ ಹೂಜಿಯ ಮುಚ್ಚಳ ಮುಟ್ಟಿ ಸುಟ್ಟುಕೊಂಡೆ. ಕೆಮಿಂಗ್ ಥಟ್ಟನೆ ನನ್ನ ಬೆರಳು ಹಿಡಿದು ತನ್ನ ಕಿವಿಯ ತುದಿಗೆ ಒತ್ತಿಕೊಂಡ.

"ಕಿವಿ ತಣ್ಣಗಿರುತ್ತೆ," ಎಂದ.

ತಣ್ಣಗಿರಲಿಲ್ಲ. ಕೆಂಡವಾಗಿತ್ತು.

ಅವನು ಬಂದಾಗಲೆಲ್ಲ ಹಳೆಯ ಎಲೆ ಚೆಲ್ಲಿ ಹೊಸ ಎಲೆ ಹಾಕುತ್ತಿದ್ದೆ. ಅತಿಥಿ ಬಂದರೆ ಎಲೆ ಬದಲಾಯಿಸಲೇಬೇಕು. ಬದಲಾಯಿಸದೆ ಕೊಟ್ಟರೆ ಎದ್ದು ಹೋಗು ಎಂದರ್ಥ. ನಮ್ಮೂರಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಒಂದು ಸಂಜೆ ಅವನು ಬಟ್ಟಲು ಮುಟ್ಟಲಿಲ್ಲ.

"ಪೇಯಿನ್, ನನ್ನನ್ನ ಫೋಶಾನ್ ಆಫೀಸಿಗೆ ಹಾಕ್ತಿದ್ದಾರೆ. ಹೋದ್ರೆ ಹೋದೆ, ಸದ್ಯಕ್ಕೆ ವಾಪಸ್ ಬರೋ ಮಾತಿಲ್ಲ. ಶನಿವಾರ ಬಸ್ಸು. ಹೊರಡೋ ಮುಂಚೆ ಬರ್ತೀನಿ. ನೀನು ಇರು ಅಂದ್ರೆ ಇರ್ತೀನಿ. ಅಷ್ಟೇ ಸಾಕು."

ಅಷ್ಟೇ ಸಾಕು! ಆ ಒಂದು ಮಾತನ್ನು ಗಂಟಲಲ್ಲಿಟ್ಟುಕೊಂಡು ಶನಿವಾರದವರೆಗೆ ನಿದ್ದೆಯಿಲ್ಲದೆ ಒದ್ದಾಡಿದೆ.

ಶನಿವಾರ ಮಧ್ಯಾಹ್ನ ಅವನು ಬಂದಾಗ ಅಪ್ಪ, ಅಪ್ಪನ ಗೆಳೆಯರಿಬ್ಬರು ಮೇಜಿನ ಸುತ್ತ ಕೂತಿದ್ದರು. ಈ ಮೂವರು ಮುದುಕರ ಎದುರು "ಇರು" ಅಂದರೆ ಸಂಜೆಯೊಳಗೆ ಊರಿಗೆಲ್ಲ ಡಂಗುರ. ಅಪ್ಪ ಎಂದಿನಂತೆ ಎಲೆ ಚೆಲ್ಲಲು ಹೂಜಿಗೆ ಕೈ ಹಾಕಿದರು. ತಡೆದೆ.

"ಇರಲಿ ಅಪ್ಪ, ಅದೇ ಸಾಕು."

ಅಣ್ಣ ಕೆಲಸದಿಂದ ಬಂದರೆ ಎಲೆ ಬದಲಾಯಿಸುತ್ತೇವಾ? ಮನೆಯವನು ಹೂಜಿಯಲ್ಲಿ ಇದ್ದದ್ದನ್ನೇ ಕುಡಿಯುತ್ತಾನೆ. ನೀನಿನ್ನು ಅತಿಥಿಯಲ್ಲ, ನಮ್ಮವನು. ಇದನ್ನೇ ಕೈಯಿಂದ ಹೇಳುತ್ತ ಅವನ ಬಟ್ಟಲಿಗೆ ಬಗ್ಗಿಸಿದೆ.

ಕೆಮಿಂಗ್ ಬಟ್ಟಲಿನೊಳಗೆ ನೋಡಿದ. ಸಪ್ಪೆ ಬಣ್ಣ. ಒಂದೇ ಗುಟುಕಿಗೆ ಕುಡಿದು, ಅಪರಿಚಿತರಿಗೆ ಥ್ಯಾಂಕ್ಸ್ ಹೇಳುವಂತೆ ಎರಡು ಬೆರಳಿಂದ ಮೇಜು ತಟ್ಟಿ ಎದ್ದ.

"ಅರ್ಥ ಆಯ್ತು," ಎಂದು ಹೊರಟುಹೋದ.

ನಾನೆಂಥ ಪೆದ್ದಿ! ಟಿಕೆಟ್ ಕ್ಯಾನ್ಸಲ್ ಮಾಡಿಸಲು ಓಡಿದ ಅಂದುಕೊಂಡು ನಗುತ್ತ ನಿಂತೆ.

ಅಪ್ಪನ ಗೆಳೆಯ ಶು ಮಾಮ ಲೊಚಗುಟ್ಟಿದ. "ಪಾಪ, ಆ ಹುಡುಗನ್ನ ಹಾಗಾ ಓಡಿಸೋದು? ಬಾಯಲ್ಲಿ ಬೈದಿದ್ರೂ ವಾಸಿಯಿತ್ತು."

ಆಗ ನನಗೆ ಹೊಳೆಯಿತು. ಹೊರಗಿನವನಾಗಿದ್ದರೆ ಟೀ ಸಪ್ಪೆ ಅಂದುಕೊಂಡು ಸುಮ್ಮನಿರುತ್ತಿದ್ದ. ಇವನು ಈ ಮಣ್ಣಿನವನು. ಹೋಗು ಎಂದೇ ಓದಿಕೊಂಡಿದ್ದ.

ಫೋನ್ ಮಾಡಿದೆ. ಸ್ವಿಚ್ ಆಫ್. ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಕಂಡ ಗುಡಿಯ ದೇವರಿಗೆಲ್ಲ ಬೇಡಿಕೊಂಡೆ: ಬಸ್ಸು ಕೆಡಲಿ, ಟೈರು ಒಡೆಯಲಿ, ಡ್ರೈವರನಿಗೆ ಹೊಟ್ಟೆ ನೋಯಲಿ. ಅವನು ಹೋದರೆ ನಾನು ಇನ್ನು ಯಾರಿಗೆ ಎಲೆ ನೆನೆಸಲಿ? ಕಣ್ಣೀರಿಗೆ ರಸ್ತೆ ಕಾಣುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ಬಿಸಿನೀರಿನ ನಲ್ಲಿಯ ಹತ್ತಿರ ಅವನು ನಿಂತಿದ್ದ. ಕೈಯಲ್ಲಿ ಪೇಪರ್ ಕಪ್ಪು. ಅದರಿಂದ ಒಂದು ದಾರ ನೇತಾಡುತ್ತಿತ್ತು.

"ಬಿಸಾಕು ಅದನ್ನ!"

ಜನವೆಲ್ಲ ತಿರುಗಿ ನೋಡಿದರು. ಅವನು ಮಾತ್ರ ಕಪ್ಪನ್ನೇ ನೋಡುತ್ತಿದ್ದ.

"ನಾನೇನು ಕುಡಿದ್ರೆ ನಿಮಗೇನು?"

ನಿಮಗೆ! ಬೆರಳು ಸುಟ್ಟ ದಿನದಿಂದ ನನ್ನನ್ನು "ನೀನು" ಎನ್ನುತ್ತಿದ್ದವನು. ನನಗೆ ಜೀವ ಹೋದಂತಾಯಿತು.

"ಎಲೆ ಬದಲಾಯಿಸದೆ ಕೊಟ್ರಲ್ಲ, ಎಲ್ಲರ ಎದುರಿಗೆ," ಎಂದ. ದನಿ ಒಡೆದಿತ್ತು.

"ನಿಮ್ಮಪ್ಪ ಕೆಲಸದಿಂದ ಮನೆಗೆ ಬಂದ್ರೆ ನಿಮ್ಮಮ್ಮ ಎಲೆ ಬದಲಾಯಿಸ್ತಾರಾ?"

"ಅಪ್ಪಂಗ್ಯಾಕೆ? ಇದ್ದಿದ್ದನ್ನೇ..."

ಅಲ್ಲಿಗೇ ನಿಂತ. ಕಪ್ಪಿನ ಟೀ ಚೆಲ್ಲಿ ಅವನ ಷೂ ಮೇಲೆ ಬಿತ್ತು.

"ಫೋಶಾನ್, ಫೋಶಾನ್! ಹತ್ತೋದಾದ್ರೆ ಹತ್ತಪ್ಪಾ, ಜಗಳ ಫೋನಲ್ಲಾಡ್ಕೋ," ಎಂದ ಕಂಡಕ್ಟರ್.

"ಇರು!" ಎಂದು ಕಿರುಚಿದೆ. ಮೂವರು ಮುದುಕರಿಗೆ ನಾಚಿ ನುಂಗಿದ ಮಾತನ್ನು ಈಗ ಇಡೀ ಬಸ್ ಸ್ಟ್ಯಾಂಡ್ ಕೇಳಿತು. "ಇರೋ ಕೆಮಿಂಗ್, ನನ್ನ ಬಿಟ್ಟು ಹೋಗಬೇಡ ಕಣೋ!"

ಬಸ್ಸು ಹೊರಟಿತು. ಅವನ ಪೆಟ್ಟಿಗೆಯೂ ಅದರ ಜೊತೆ ಫೋಶಾನಿಗೆ ಹೋಯಿತು.

ನಾವಿಬ್ಬರೂ ಅಂಗಡಿಗೆ ಬಂದಾಗ ಮುದುಕರು ಎದ್ದಿರಲಿಲ್ಲ. ಬೀದಿ ನೋಡುತ್ತಿರುವಂತೆ ನಟಿಸುತ್ತಿದ್ದರು. ಹೂಜಿಯಲ್ಲಿ ಅದೇ ಎಲೆ.

ಅತಿಥಿ ನಮ್ಮಲ್ಲಿ ಹೂಜಿ ಮುಟ್ಟುವಂತಿಲ್ಲ. ಕೆಮಿಂಗ್ ಯಾರನ್ನೂ ಕೇಳದೆ ಅದನ್ನು ತನ್ನತ್ತ ಎಳೆದುಕೊಂಡ. ಬಿಸಿನೀರು ಹೊಯ್ದ. ನಮ್ಮಲ್ಲಿ ಎಷ್ಟು ಜನ ಕೂತರೂ ಬಟ್ಟಲು ಮೂರೇ. ಮೂರನ್ನೂ ಹಿರಿಯರ ಮುಂದಿಟ್ಟು, ಯಾವುದಾದರೂ ಖಾಲಿಯಾಗಲಿ ಎಂದು ಕಾಯುತ್ತ ಕೂತ.

ಅಪ್ಪ ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಏನಪ್ಪಾ ಇದು, ಬರೀ ನೀರಾಗಿದೆ. ಎಲೆ ಬದಲಾಯಿಸ್ಲಾ?"

"ಬೇಡ ಮಾವ," ಎಂದ ಕೆಮಿಂಗ್. "ಅದೇ ಸಾಕು."