ಹದಿನೇಳನೆಯ ಪಾಠ

ಗುರುವಾರ ಬೆಳಿಗ್ಗೆ ಆರು ನಲವತ್ತು. ಅನಲಿಟಿಕಲ್ ಮೆಕ್ಯಾನಿಕ್ಸ್ ಆನ್‌ಲೈನ್ ಕೋರ್ಸಿನ ನಲವತ್ತು ವಿಡಿಯೊಗಳಲ್ಲಿ ಒಂದು ಇರಲಿಲ್ಲ—ಹದಿನೇಳನೆಯ ಪಾಠ, ಒಂದರ ಕೆಳಗೊಂದು ತೂಗುವ ಜೋಡಿ ಲೋಲಕ.

ದೂರು ಕೊಟ್ಟದ್ದು ವಿದ್ಯಾರ್ಥಿಯಲ್ಲ. ಪಾಠ ಮಾಡಿದ ಪ್ರೊಫೆಸರ್ ಶಿವರುದ್ರಪ್ಪನವರ ಹೆಂಡತಿ ಚನ್ನಬಸವ್ವ. ಹತ್ತು ಗಂಟೆಗೆ ಕೋರ್ಸಿನ ಸಂಯೋಜಕಿ ಸ್ನೇಹಲ್, ಚಿಂಚವಾಡದಲ್ಲಿದ್ದ ಅವರ ಮನೆಗೆ ಬಂದಳು. ಜೊತೆಗೆ ತಂತ್ರಜ್ಞ ಪ್ರಣವ.

"ಕಾಕು, ಆ ಲೆಕ್ಚರ್ ನಿಮಗ್ಯಾಕ ಬೇಕು?" ಸ್ನೇಹಲ್ ಚನ್ನಬಸವ್ವನವರನ್ನು ಕೇಳಿದಳು.

"ದಿನಾ ಆರು ನಲವತ್ತಕ್ಕ ಹಚ್ಚತೀನವಾ. ಹನ್ನೊಂದನೇ ನಿಮಿಷಕ್ಕ ನಮ್ಮ ಆರತಿ ಒಳಗಿಂದ ಒದರತಾಳ—ಅವ್ವಾ, ನನಗೂ ಚಾ. ಅಕಿ ದನಿ ಅಷ್ಟ ಉಳದದ."

2020ರ ಲಾಕ್‌ಡೌನಿನಲ್ಲಿ ಪಾಠಗಳನ್ನು ಈ ಮನೆಯಲ್ಲೇ ಚಿತ್ರಿಸಿಕೊಂಡಿದ್ದರು. ಮರುವರ್ಷದ ಏಪ್ರಿಲ್‌ನಲ್ಲಿ ಮಗಳು ಆರತಿ ತೀರಿಕೊಂಡಳು. ವಯಸ್ಸು ಇಪ್ಪತ್ತೆರಡು. ಅವಳ ಫೋನು ಆಸ್ಪತ್ರೆಯಿಂದ ಮರಳಿ ಬರಲಿಲ್ಲ.

ವಿಡಿಯೊ ಅಳಿಸಿದ್ದು ಬುಧವಾರ ಸಂಜೆ ಐದು ಹತ್ತಕ್ಕೆ, ಪ್ರೊಫೆಸರರ ಲಾಗಿನ್‌ನಿಂದ. ಪಾಸ್‌ವರ್ಡ್ ಅವರಿಗೆ ಗೊತ್ತಿತ್ತು, ಪ್ರಣವನಿಗೆ ಗೊತ್ತಿತ್ತು.

"ಹಳೇ ವಿಡಿಯೊದಾಗಿನ ಗದ್ದಲಾ ತಗೀತೀನಿ ಅಂದಿದ್ಯಲ್ಲ ಪ್ರಣವ? ಕೈ ತಪ್ಪಿತೇನು?"

"ಹದಿನೇಳು ಮುಟ್ಟಿಲ್ರಿ ಮೇಡಂ. ಕಾಕು ಬ್ಯಾಡ ಅಂದಿದ್ರು. ಏನಾದ್ರೂ ಆದ್ರ ಮೊದಲ ನನ್ನ ಕಡೆ ನೋಡ್ತೀರಿ ನೀವು."

"ಕಾಪಿ?"

"ಅಳಿಸಿದ್ದು ಸರ್ವರಿನಾಗ ಉಳಿಯೂದಿಲ್ರಿ. ಸರ್ ಲ್ಯಾಪ್‌ಟಾಪಿನಾಗ ಒಂದ ಇತ್ತು."

"ಅದೂ ಇಲ್ಲ," ಎಂದರು ಶಿವರುದ್ರಪ್ಪ.

ಸ್ನೇಹಲ್ ಕೋರ್ಸಿನ ಪುಟವನ್ನು ಇನ್ನೊಮ್ಮೆ ತೆರೆದಳು. ಹದಿನೇಳರ ಕೆಳಗೆ ಹನ್ನೆರಡು ಪುಟಗಳ ಕೈಬರಹದ ಟಿಪ್ಪಣಿ. ಪ್ರತಿ ಸಮೀಕರಣವೂ ಹಂತ ಹಂತವಾಗಿ. ಬೇರೆ ಮೂವತ್ತೊಂಬತ್ತು ಪಾಠಗಳಿಗೆ ಟಿಪ್ಪಣಿಯೇ ಇಲ್ಲ.

"ಸರ್, ಇದು ನಿಮ್ಮ ಅಕ್ಷರ. ಹಾಕಿದ್ದು ಸೋಮವಾರ. ವಿಡಿಯೊ ಹೋಗಿದ್ದು ಬುಧವಾರ. ವಿಡಿಯೊ ಇರೂಮುಂದ ಟಿಪ್ಪಣಿ ಯಾಕ ಬೇಕಿತ್ತು?"

ಸ್ನೇಹಲ್ ಪರದೆಯನ್ನು ಶಿವರುದ್ರಪ್ಪನವರ ಕಡೆ ತಿರುಗಿಸಿದಳು.

"ಕೈ ತಪ್ಪಿ ಅಳಿಸಿದವರು ಎರಡು ದಿನ ಮೊದಲ ಬರೆದಿಡೂದಿಲ್ಲ. ವಿಡಿಯೊ ಹೋಗೂದು ನಿಮಗ ಗೊತ್ತಿತ್ತು. ಹುಡುಗ್ರಿಗೆ ಪಾಠ ತಪ್ಪಬಾರದು ಅಂತ ಬರೆದಿಟ್ರಿ. ಅಳಿಸಿದವರು ನೀವ."

ಶಿವರುದ್ರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಕಿ ದಿನಾ ಆ ದನಿಗೆ ಉತ್ತರಾ ಕೊಡ್ತಾಳ ತಂಗಿ. ತರ್ತೀನವಾ, ತಡಿ ಅಂತಾಳ. ಮೂರು ಕಪ್ ಚಾ ಸೋಸತಾಳ. ಆರಿದ ಮೂರನೇ ಕಪ್ ಒಯ್ದು ಚೆಲ್ಲಾಂವ ನಾನು. ನಾಲ್ಕು ವರ್ಷ ಆತು."

ಚನ್ನಬಸವ್ವ ಗಂಡನ ಕಡೆ ನೋಡಲಿಲ್ಲ.

"ಹೇಳಿ ಅಳಿಸಬೇಕಿತ್ತು," ಎಂದರು. "ಕಡೀಕ ಒಂದ ಸಲ ಕೇಳ್ತಿದ್ದೆ."

ಶುಕ್ರವಾರ ಬೆಳಿಗ್ಗೆ ಆರು ಐವತ್ತೊಂದಕ್ಕೆ ಚನ್ನಬಸವ್ವ ಮೂರು ಕಪ್ ಚಹಾ ಸೋಸಿದರು.