ಹುಣಸೆಬೀಜದ ಗುರುತು

“ಏನ್ ಮೇಷ್ಟ್ರೇ, ನಿಮ್ಗೆ ಕರುಳು ಅನ್ನೋದು ಐತೋ ಇಲ್ವೋ?”

ಮಧುಗಿರಿಯ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದಿದ್ದ ರೇಣುಕಯ್ಯ ಮೇಷ್ಟ್ರು ಬೆಚ್ಚಿಬಿದ್ದರು. ಬಾಗಿಲಲ್ಲಿ ರುದ್ರಿಯ ಅಕ್ಕ ಜಗದಾಂಬ! ಸಿಟ್ಟಿಗೆ ಕೆಂಪಾದ ಆ ಮುಖ ಕಂಡು ಕುರ್ಚಿಯಿಂದ ಎದ್ದೇಬಿಟ್ಟರು.

“ನನ್ ತಂಗಿ ರುದ್ರಿ ಮಂಡಿ ತುಂಬಾ ಹುಣಸೆಬೀಜದ ಗುರುತು! ಮಗ್ಗಿ ಬರ್ಲಿಲ್ಲ ಅಂತ ಬೀಜದ ಮ್ಯಾಲೆ ಮಂಡಿ ಊರಿಸ್ತೀರಾ? ತಾಯಿಲ್ಲದ ಕೂಸು ಕಣ್ರೀ!”

“ಇವ್ರೇ, ಅದು ಹಾಗಲ್ಲ...”

“ನಾಳೆಯಿಂದ ಅವ್ಳು ಬರಾಕಿಲ್ಲ!”

ದುರ್ದಾನ ತೆಗೆದುಕೊಂಡವಳಂತೆ ಹೊರಟೇಬಿಟ್ಟಳು.

ಹತ್ತು ವರ್ಷದ ರುದ್ರಿ ಹಾಡು ಒಮ್ಮೆ ಕೇಳಿದರೆ ಸಾಕು, ಕಲಿತುಬಿಡುತ್ತಿದ್ದಳು. ಆದರೆ ಸ್ಲೇಟಿನ ಮೇಲೆ ಆರು, ಒಂಬತ್ತು ಅದಲುಬದಲಾಗುತ್ತಿದ್ದವು. ನಾಳೆ ಮಗ್ಗಿಯ ಪರೀಕ್ಷೆಗೆ ಶಾಲಾ ಇನ್ಸ್‌ಪೆಕ್ಟರ್ ಬರುತ್ತಾರೆ. ಈ ಸಲವೂ ತಪ್ಪಿದರೆ ಶಾಲೆಯಿಂದ ಹೆಸರು ಹೊಡೆದುಹಾಕುತ್ತಾರೆ. ತಂಗಿಯಾದರೂ ಓದಲಿ ಎಂದು ಆಸೆಪಟ್ಟಿದ್ದ ಜಗದಾಂಬ ರಾತ್ರಿಯಿಡೀ ಅತ್ತಳು.

ಬೆಳಿಗ್ಗೆ ಪಡಸಾಲೆಯಲ್ಲಿ ಟಕ್ ಟಕ್ ಸದ್ದು! ರುದ್ರಿ ಅಳಗುಳಿಮಣೆಯ ಮುಂದೆ ಮಂಡಿಯೂರಿ, ಗುಳಿಗೆ ಏಳೇಳು ಬೀಜ ಹಾಕುತ್ತಿದ್ದಳು.

“ಮೂರು ಗುಳಿ, ಇಪ್ಪತ್ತೊಂದು! ನಾಕು ಗುಳಿ, ಇಪ್ಪತ್ತೆಂಟು!”

“ಲೇ ರುದ್ರಿ! ಯಾರೇ ಹೇಳ್ಕೊಟ್ಟಿದ್ದು?”

“ಮೇಷ್ಟ್ರು! ಶಾಲೆ ಬಿಟ್ಮ್ಯಾಲೆ ದಿನಾ ನನ್ ಜೊತೆ ಆಡ್ತಾರೆ. ಸರಿಯಾಗಿ ಕೂತ್ಕೋ ಅಂತಾರೆ, ನಾನೇ ಕೇಳಾಕಿಲ್ಲ ಕಣಕ್ಕಾ!”

ತಂಗಿಯ ಮಂಡಿಗೆ ಅಂಟಿದ್ದ ಬೀಜ ಕಂಡು ಜಗದಾಂಬ ಹಣೆ ಚಚ್ಚಿಕೊಂಡಳು. ‘ಅಯ್ಯೋ ಶಿವನೇ... ಎಂಥಾ ಮಾತು ಅಂದ್ಬುಟ್ಟೆ!’

ಒಂದು ಕೈಲಿ ಮಣೆ, ಇನ್ನೊಂದು ಕೈಲಿ ತಂಗಿ. ಶಾಲೆಗೆ ಓಡಿದಳು!

“ತಡೀರಿ ಸ್ವಾಮಿ!”

ಹೆಸರು ಹೊಡೆಯಲು ಹೊರಟಿದ್ದ ಇನ್ಸ್‌ಪೆಕ್ಟರ್ ಹುಬ್ಬೇರಿಸಿದರು. “ಪರೀಕ್ಷೆಗೆ ಆಟದ ಮಣೆ ಯಾಕಮ್ಮಾ?”

ರೇಣುಕಯ್ಯ ಮುಂದೆ ಬಂದರು. “ಸ್ವಾಮಿ, ಈ ಮಗುಗೆ ಕಣ್ಣಿಗಿಂತ ಕೈಗೇ ಲೆಕ್ಕ ಬೇಗ ಹತ್ತುತ್ತೆ. ಒಂದೇ ಒಂದು ಅವಕಾಶ ಕೊಡಿ!”

“ಆಗಲಿ. ಏಳೆಂಟ್ಲೆ?”

ಪುಟ್ಟ ಬೆರಳುಗಳು ಎಂಟು ಗುಳಿ ತುಂಬಿದವು. ಜಗದಾಂಬ ಉಸಿರು ಬಿಗಿಹಿಡಿದಳು...

“ಐವತ್ತಾರು!”

“ಭೇಷ್!” ಇನ್ಸ್‌ಪೆಕ್ಟರ್ ನಕ್ಕು ‘ಪಾಸ್’ ಎಂದು ಬರೆದರು. ಹುಡುಗಿಯರ ಕೇಕೆಗೆ ಶಾಲೆಯ ಹೆಂಚು ಹಾರುವುದೊಂದು ಬಾಕಿ!

ಎಲ್ಲರೂ ಹೋದ ಮೇಲೆ ಜಗದಾಂಬ ತಲೆತಗ್ಗಿಸಿ ನಿಂತಳು. “ತಪ್ಪಾಯ್ತು ಮೇಷ್ಟ್ರೇ...”

“ತಂಗಿಗೋಸ್ಕರ ನೀವು ಬೈದ್ರಲ್ಲ, ಆಗ್ಲೇ ಮನಸ್ಸು ಸೋತೆ. ಮಣೆ ಒಬ್ನೇ ಆಡೋಕಾಗಲ್ಲ, ಜಗದಾಂಬಾ... ನಿಮ್ಮಪ್ಪನ ಹತ್ರ ಹೆಣ್ಣು ಕೇಳೋಕೆ ಬರ್ಲಾ?”

ಅವಳ ಕಣ್ಣು ತುಂಬಿತು. “ಬನ್ನಿ. ಆದ್ರೆ... ನಂಗೂ ಏಳರ ಮಗ್ಗಿ ಬರಾಕಿಲ್ಲ. ಅದ್ಕೇ ನನ್ ಹೆಸ್ರೂ ಹೊಡ್ದಾಕಿದ್ರು.”

ಮೇಷ್ಟ್ರು ಒಂದು ಹಿಡಿ ಬೀಜ ಅವಳ ಅಂಗೈಗೆ ಸುರಿದರು.

“ಕಲಿಯೋಣ. ಚಾಪೆ ಮಾತ್ರ ಹಾಸ್ಕೊಂಡು ಕೂರ್ಬೇಕು!”